ಬಚ್ಚಲಿನಿಂದ ಕೆರೆಯವರೆಗೆ: ನೀರು ಕೆಡುವುದನ್ನು ಊರಿಗೆ ಚಿತ್ರದಲ್ಲಿ ತೋರಿಸುವುದು ಹೇಗೆ?

ಮೊದಲ ಸಲ ನಾವು ಮಾಡಿದ್ದು ಗೋಡೆ ಚಿತ್ರ. ಬೇಲೂರು ತಾಲ್ಲೂಕಿನ ನಮ್ಮೂರಲ್ಲಿ ಬಸ್ ನಿಲ್ಲುವ ಜಾಗದ ಹಿಂದೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಅದರ ಮೇಲೆ ಅಳುವ ಭೂಮಿ, ಪಕ್ಕದಲ್ಲಿ ಸತ್ತ ಮೀನು, ಕೆಳಗೆ ‘ನೀರು ಉಳಿಸಿ’ ಅಂತ ದಪ್ಪ ಅಕ್ಷರ. ಮೂರು ಭಾನುವಾರ ಹಿಡಿಯಿತು. ಫೋಟೋ ಚೆನ್ನಾಗಿ ಬಂತು. ಒಂದು ತಿಂಗಳಾದ ಮೇಲೆ ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರನ್ನು ಕೇಳಿದೆ: ‘ನಿಮ್ಮ ಹಿಂದಿನ ಗೋಡೆಯಲ್ಲಿ ಏನಿದೆ, ತಿರುಗದೆ ಹೇಳಿ.’ ಇಬ್ಬರಿಗೆ ಗೊತ್ತಿತ್ತು. ಒಬ್ಬರು ‘ಏನೋ ಸರ್ಕಾರದ್ದು ಬರೆದವ್ರೆ’ ಅಂದರು.

ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಆ ಮೂರೂ ಭಾನುವಾರ ಎನಾಮಲ್ ಪೇಂಟಿನ ಬ್ರಷ್ಷುಗಳನ್ನು ಟರ್ಪೆಂಟೈನ್‌ನಲ್ಲಿ ತೊಳೆದು ಪಕ್ಕದ ಮೋರಿಗೆ ಸುರಿದಿದ್ದೆವು. ಆ ಮೋರಿ ಹೋಗುವುದು ಸೀದಾ ಕೆರೆಗೆ.

ಆಮೇಲೆ ನಾಲ್ಕಾರು ಊರುಗಳಲ್ಲಿ ಬೇರೆ ಬೇರೆ ಥರ ಮಾಡಿ ನೋಡಿದೆವು. ಕೆಲವು ಕೈಕೊಟ್ಟವು, ಕೆಲವು ಚೆನ್ನಾಗಿ ನಡೆದವು. ನನಗೆ ಅನಿಸಿದ್ದು ಇಷ್ಟು: ನೀರು ಅಮೂಲ್ಯ ಅಂತ ಹೇಳಲು ಚಿತ್ರ ಬೇಕಿಲ್ಲ, ಅದು ಎಲ್ಲರಿಗೂ ಗೊತ್ತು. ತಮ್ಮ ಮನೆಯ ನೀರು ಹೊರಗೆ ಹೋದ ಮೇಲೆ ಯಾವ ದಾರಿ ಹಿಡಿಯುತ್ತೆ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಚಿತ್ರಕ್ಕೆ ಕೆಲಸ ಇರುವುದು ಅಲ್ಲಿ. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಆ ದಾರಿ ತೋರಿಸುವುದಕ್ಕೇ.

ಹೆಜ್ಜೆ 1: ಬ್ರಷ್ ಹಿಡಿಯುವ ಮೊದಲು ಮೋರಿ ಜೊತೆ ನಡೆಯಿರಿ

ಐದಾರು ಜನ ಸಾಕು. ಅದರಲ್ಲಿ ಒಬ್ಬರು ನೀರು ಬಿಡುವವರಾಗಿರಲಿ. ನಮ್ಮ ಕಡೆ ಹಳಬರು ನೀರಗಂಟಿ ಅನ್ನುತ್ತಾರೆ, ಈಗ ವಾಟರ್‌ಮ್ಯಾನ್ ಅಂತ ಆಗಿದೆ. ಊರಿನ ಪೈಪು, ವಾಲ್ವು, ಮೋರಿ ಎಲ್ಲ ಅವರ ತಲೆಯಲ್ಲಿರುತ್ತೆ. ಊರಿನ ಎತ್ತರದ ಮನೆಯಿಂದ ಶುರು ಮಾಡಿ ಬಚ್ಚಲ ನೀರಿನ ಜೊತೆ ಕೆರೆಯವರೆಗೆ ನಡೆದು ಬನ್ನಿ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೋದರೆ ಒಳ್ಳೇದು. ಎಲ್ಲರ ಮನೆಯಲ್ಲೂ ಸ್ನಾನ, ಬಟ್ಟೆ, ಪಾತ್ರೆ ನಡೆಯುತ್ತಿರುತ್ತೆ, ಮೋರಿ ತುಂಬಿ ಹರಿಯುತ್ತೆ.

ಹೋಗುತ್ತಾ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ: ಎಲ್ಲಿ ನೊರೆ, ಎಲ್ಲಿ ವಾಸನೆ, ಯಾವ ಮನೆಯ ಶೌಚದ ಗುಂಡಿ ಉಕ್ಕಿ ಮೋರಿಗೆ ಬರುತ್ತಿದೆ, ಕೋಳಿ ಅಂಗಡಿಯ ನೀರು ಎಲ್ಲಿಗೆ, ಟ್ರ್ಯಾಕ್ಟರ್ ಎಲ್ಲಿ ತೊಳೆಯುತ್ತಾರೆ, ಔಷಧಿ ಹೊಡೆಯುವ ಪಂಪು ಎಲ್ಲಿ ತೊಳೆಯುತ್ತಾರೆ. ಕೆರೆಗೆ ಬಂದ ಮೇಲೆ ಏರಿ, ತೂಬು, ಕೋಡಿ ಮೂರೂ ಕಡೆ ನಿಂತು ನೋಡಿ. ಕೋಡಿಯಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಬೇಲೂರು ಕಡೆ ಆದರೆ ಹಳ್ಳ ಹಿಡಿದು ಯಗಚಿ. ಯಗಚಿ ಹುಟ್ಟುವುದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ, ಸೇರುವುದು ಗೊರೂರಿನ ಹತ್ತಿರ ಹೇಮಾವತಿಯನ್ನು. ಹಾಸನ ಪಟ್ಟಣ ಕುಡಿಯುವುದು ಹೇಮಾವತಿ ನೀರು. ಅಂದರೆ ನಮ್ಮ ಮೋರಿಯ ಕೊನೆ ನಮ್ಮ ಕೆರೆಯಲ್ಲ. ಈ ಮಾತು ಮನೆಯಲ್ಲಿ ಕೂತು ಹೇಳಿದರೆ ಪಾಠದ ಹಾಗೆ ಕೇಳಿಸುತ್ತೆ. ಕೋಡಿ ಮೇಲೆ ನಿಂತು ಹೇಳಿದರೆ ಜನ ಮುಂದೆ ಬಗ್ಗಿ ನೋಡುತ್ತಾರೆ.

ಮಲೆನಾಡಿನ ಅಂಚಿನವರಾದರೆ ಕಾಫಿ ತೋಟದ ಪಲ್ಪರ್ ಯಂತ್ರದ ಬಗ್ಗೆ ಬೇರೆಯಾಗಿ ನೋಡಬೇಕು. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಮೇಲಿನ ಲೋಳೆ ತೊಳೆದು ಪಾರ್ಚ್‌ಮೆಂಟ್ (ಹೊಟ್ಟು ಇನ್ನೂ ತೆಗೆಯದ ಬೀಜ) ಮಾಡುವಾಗ ಬರುವ ನೀರಿನಲ್ಲಿ ಸಕ್ಕರೆ, ಲೋಳೆ ತುಂಬಾ ಇರುತ್ತೆ. ಅದು ಹುಳಿ ಬರುತ್ತೆ. ಹಳ್ಳಕ್ಕೆ ಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ತಿಂದುಬಿಡುತ್ತವೆ, ಮೀನಿಗೆ ಉಸಿರಾಟಕ್ಕೆ ಏನೂ ಉಳಿಯುವುದಿಲ್ಲ. ಈ ಆಮ್ಲಜನಕದ ಹಸಿವನ್ನು ಅಳೆಯುವುದಕ್ಕೆ ಬಿಒಡಿ ಅಂತ ಒಂದು ಲೆಕ್ಕ ಇದೆ. ಸ್ನಾನಕ್ಕೆ ಯೋಗ್ಯ ಅನ್ನಬೇಕಾದರೆ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಹಾಗೇ ಬಿಟ್ಟ ಪಲ್ಪರ್ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತೆ. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಶುದ್ಧ ಮಾಡುವ ತೋಟಗಳೂ ಇವೆ. ಅವರನ್ನೂ ಮಾತಾಡಿಸಿ. ಎಲ್ಲ ಪ್ಲಾಂಟರ್‌ಗಳನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮುಂದೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಹೆಜ್ಜೆ 2: ಅಳೆಯಿರಿ, ಆ ಅಳತೆಯನ್ನೇ ಚಿತ್ರ ಮಾಡಿ

‘ನಮ್ಮ ಕೆರೆ ನೀರು ಕೆಟ್ಟಿದೆ’ ಅಂದರೆ ‘ನಮ್ಮಜ್ಜ ಇದನ್ನೇ ಕುಡಿದು ತೊಂಬತ್ತು ವರ್ಷ ಬದುಕಿದ’ ಅನ್ನುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದ ಬೇಡ. ಮೂರು ಸಾಧನ ಸಾಕು.

ಒಂದು, ಪಂಚಾಯ್ತಿಯ ನೀರು ಪರೀಕ್ಷೆ ಕಿಟ್. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮೂರಲ್ಲಿ ಯಾರು ಅಂತ ಕೇಳಿ, ಅವರನ್ನೇ ಮುಂದೆ ಬಿಡಿ. ಹನಿ ಹಾಕಿದ ಕೂಡಲೇ ನೀರಿಗೆ ಬಣ್ಣ ಬರುವುದು, ಅದನ್ನು ಬಣ್ಣದ ಪಟ್ಟಿ ಜೊತೆ ಹೋಲಿಸುವುದು ನೋಡುವುದಕ್ಕೇ ಒಂದು ಆಟ. ಕುಡಿಯುವ ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 6.5ರಿಂದ 8.5ರ ನಡುವೆ ಇರಬೇಕು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಗೊಬ್ಬರ ಜಾಸ್ತಿ ಬೀಳುವ ಕಡೆ, ಶೌಚದ ಗುಂಡಿ ಬಾವಿಗೆ ಹತ್ತಿರ ಇರುವ ಕಡೆ ನೈಟ್ರೇಟ್ ಮೇಲೆ ಕಣ್ಣಿಡಿ.

ಎರಡು, ಎಚ್2ಎಸ್ ಸೀಸೆ. ಬೆರಳುದ್ದದ ಸೀಸೆ, ಒಳಗೆ ಔಷಧಿ ಇರುತ್ತೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿರುವ ಕಡೆ ಒಂದೆರಡು ದಿನ ಇಟ್ಟರೆ, ಮಲದ ಅಂಶ ಸೇರಿದ ನೀರು ಕಪ್ಪಾಗುತ್ತೆ. ಸುಮ್ನೆ ಕಪ್ಪಲ್ಲ, ಕಾಡಿಗೆ ಕಪ್ಪು. ನಾವು ಒಂದು ಮರದ ಹಲಗೆಗೆ ಹನ್ನೆರಡು ತೂತು ಕೊರೆದು, ಊರಿನ ಹನ್ನೆರಡು ಕಡೆಯ ನೀರಿನ ಸೀಸೆ ಸಾಲಾಗಿ ನಿಲ್ಲಿಸಿ, ಕೆಳಗೆ ‘ಶಾಲೆ ನಲ್ಲಿ’, ‘ಮೇಲಿನ ಬಾವಿ’, ‘ಕೆರೆ ಮೆಟ್ಟಿಲು’ ಅಂತ ಬರೆದು ಟೀ ಅಂಗಡಿಯ ಕಟ್ಟೆ ಮೇಲೆ ಇಟ್ಟೆವು. ಮೊದಲ ದಿನ ಎಲ್ಲ ಒಂದೇ ಥರ. ಮಾರನೇ ದಿನ ಬೆಳಿಗ್ಗೆ ಟೀಗೆ ಬಂದವರು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ಕಪ್ಪಾಗಿದ್ದ ಸೀಸೆಗಳಲ್ಲಿ ಒಂದು, ಎಲ್ಲರೂ ‘ಸಿಹಿ ನೀರು’ ಅಂತ ಹೊಗಳುವ ಬಾವಿಯದು. ಆವತ್ತು ಆ ಅಂಗಡಿಯಲ್ಲಿ ನಡೆದಷ್ಟು ಮಾತು ನಮ್ಮ ಗೋಡೆಯ ಮುಂದೆ ಯಾವತ್ತೂ ನಡೆದಿರಲಿಲ್ಲ. ಎಚ್ಚರ: ಕಪ್ಪಾದ ಸೀಸೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಪ್ರದರ್ಶನ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ. ಇನ್ನೊಂದು, ಕಪ್ಪಾಗಲಿಲ್ಲ ಅಂದ ಮಾತ್ರಕ್ಕೆ ನೀರು ಎಲ್ಲ ರೀತಿಯಲ್ಲೂ ಚೆನ್ನಾಗಿದೆ ಅಂತ ಅಲ್ಲ. ಅದನ್ನೂ ಹಲಗೆ ಮೇಲೆ ಬರೆಯಿರಿ.

ಮೂರು, ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಆಂಜೆಲೋ ಸೆಕ್ಕಿ ಅನ್ನುವ ವಿಜ್ಞಾನಿ ಸಮುದ್ರದ ನೀರು ಎಷ್ಟು ತಿಳಿ ಇದೆ ಅಂತ ನೋಡಲು ಬಿಳಿ ತಟ್ಟೆ ಇಳಿಬಿಟ್ಟ. ಈಗ ಕೆರೆಗಳಿಗೆ 20 ಸೆಂಟಿಮೀಟರ್ ಅಗಲದ, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಳಿದ ತಟ್ಟೆ ಬಳಸುತ್ತಾರೆ. ಹಳೇ ಸ್ಟೀಲ್ ತಟ್ಟೆಯಲ್ಲಿ ನೀವೇ ಮಾಡಬಹುದು: ನಡುವೆ ತೂತು, ಕೆಳಗೆ ಕಲ್ಲಿನ ಭಾರ, 10 ಸೆಂಟಿಮೀಟರಿಗೆ ಒಂದು ಗಂಟು ಹಾಕಿದ ಹಗ್ಗ. ತಟ್ಟೆ ಕಾಣದಾದ ಆಳ, ಮೇಲೆತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ಈ ಕೆಲಸ ದೊಡ್ಡವರದ್ದು. ಹೂಳು ತುಂಬಿದ ಕೆರೆಯಲ್ಲಿ ಕಾಲಿಟ್ಟರೆ ಎಳೆದುಕೊಳ್ಳುತ್ತೆ, ಮಕ್ಕಳು ಏರಿ ಮೇಲೆಯೇ ಇರಲಿ.

ಹೆಜ್ಜೆ 3: ಒಂದೇ ವಿಷಯ ಹಿಡಿಯಿರಿ

ನೋಡಿಬಂದದ್ದರಲ್ಲಿ ಹತ್ತು ತಪ್ಪು ಸಿಕ್ಕಿರುತ್ತೆ. ಹತ್ತನ್ನೂ ಹೇಳಲು ಹೋಗಬೇಡಿ. ಊರಿನವರೇ, ದುಡ್ಡು ಜಾಸ್ತಿ ಇಲ್ಲದೆ, ಈ ವರ್ಷವೇ ಬದಲಾಯಿಸಬಹುದಾದ ಒಂದನ್ನು ಆರಿಸಿ. ಕೋಳಿ ಅಂಗಡಿಯ ನೀರು ಇರಬಹುದು, ಕೆರೆಗೆ ಬಿಡುವ ಗಣಪತಿ ಇರಬಹುದು, ಬಚ್ಚಲ ನೀರು ಇರಬಹುದು.

ಕಾಲವನ್ನೂ ನೋಡಿಕೊಳ್ಳಿ. ಗಣಪತಿ ಕೆಲಸ ಹಬ್ಬಕ್ಕೆ ಎರಡು ತಿಂಗಳು ಮೊದಲೇ ಆಗಬೇಕು, ಮೂರ್ತಿಗೆ ಮುಂಗಡ ಕೊಟ್ಟ ಮೇಲೆ ಬುದ್ಧಿ ಹೇಳಿದರೆ ಯಾರು ಕೇಳ್ತಾರೆ? ಪಲ್ಪರ್ ವಿಷಯ ಅಕ್ಟೋಬರ್, ನವೆಂಬರ್‌ನಲ್ಲಿ, ಅರೇಬಿಕಾ ಕುಯ್ಲು ಜೋರಾಗುವ ಮೊದಲು. ಬಚ್ಚಲು, ಮೋರಿ ವಿಷಯಕ್ಕೆ ಮಾರ್ಚ್, ಏಪ್ರಿಲ್ ಸರಿ. ಕೆರೆ ಇಳಿದಿರುತ್ತೆ, ಕೊಳಕು ಕಣ್ಣಿಗೆ ಕಾಣುತ್ತೆ, ಊರ ಜಾತ್ರೆಗೆ ನೆಂಟರೂ ಬಂದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಪೇಂಟ್ ಮಾಡುವ ಯೋಚನೆ ಬಿಡಿ. ಸಕಲೇಶಪುರ, ಮೂಡಿಗೆರೆ ಮಳೆಯಲ್ಲಿ ಗೋಡೆಯೇ ಒಣಗುವುದಿಲ್ಲ.

ಊರ ಹೆಸರಲ್ಲೇ ನೀರಿದ್ದರೆ ಅದನ್ನು ಬಿಡಬೇಡಿ. ಅರಸೀಕೆರೆ, ಹುಲಿಕೆರೆ. ಶ್ರವಣಬೆಳಗೊಳದ ಬೆಳಗೊಳ ಅಂದರೆ ಬಿಳಿಯ ಕೊಳ. ಹೆಸರು ಊರಿನವರ ಹೆಮ್ಮೆ, ಅಲ್ಲಿಂದ ಮಾತು ಶುರುವಾದರೆ ಯಾರಿಗೂ ಬೈಗುಳದ ಹಾಗೆ ಕೇಳಿಸುವುದಿಲ್ಲ.

ಹೆಜ್ಜೆ 4: ಒಪ್ಪಿಗೆ

ಸಾರ್ವಜನಿಕ ಗೋಡೆ ಮೇಲೆ ಕೇಳದೆ ಬರೆಯುವಂತಿಲ್ಲ, ಅದಕ್ಕೆ 1981ರ ರಾಜ್ಯ ಕಾಯ್ದೆಯೇ ಇದೆ. ಹಳ್ಳಿಯಲ್ಲಿ ಪಂಚಾಯ್ತಿಯ ಪಿಡಿಒಗೆ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆಗೆ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಅರ್ಜಿ ಜೊತೆ ಚಿತ್ರದ ನಕಲು ಇಟ್ಟರೆ ಬೇಗ ಆಗುತ್ತೆ. ಶಾಲೆ ಗೋಡೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಒಪ್ಪಬೇಕು. ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಅಂಥ ಸ್ಮಾರಕ, ಹಳೇ ಕಲ್ಯಾಣಿಗಳ ಕಲ್ಲಿಗೆ ಸೀಮೆಸುಣ್ಣದ ಗೆರೆಯನ್ನೂ ಎಳೆಯಬೇಡಿ. ಅಲ್ಲಿ ಬೇಕಾದರೆ ನಾಟಕ ಆಡಿ, ಅದೂ ಹೊರಗೆ, ಕೇಳಿಕೊಂಡು.

ಹೆಜ್ಜೆ 5: ಯಾವ ಕಲೆ, ಹೇಗೆ

*ಮೋರಿ ಬಾಯಿಗೆ ಅಚ್ಚು (ಸ್ಟೆನ್ಸಿಲ್).* ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಪ್ರತಿ ಮೋರಿ ಬಾಯಿಯ ಪಕ್ಕ ಒಂದು ಮೀನು, ಒಂದು ಬಾಣ, ‘ಇದು ಕೆರೆಗೆ ಹೋಗುತ್ತೆ’ ಅಂತ ಮೂರು ಪದ. ಅಷ್ಟೇ.

ಅಚ್ಚು ಕತ್ತರಿಸಲು ಹಳೇ ಎಕ್ಸ್‌ರೇ ಫಿಲ್ಮಿಗಿಂತ ಒಳ್ಳೇದು ಬೇರೆ ಇಲ್ಲ. ಎಲ್ಲರ ಮನೆಯ ಬೀರು ಮೇಲೂ ಒಂದೆರಡು ಇರುತ್ತೆ. ಎದೆಯದ್ದಾದರೆ 14×17 ಇಂಚು, ಅಳತೆ ಸರಿಯಾಗಿರುತ್ತೆ. ಯಾರದೋ ಪಕ್ಕೆಲುಬು ಕಾಣುತ್ತಿರುತ್ತೆ, ಪರವಾಗಿಲ್ಲ. ಹೆಸರು ಇರುವ ಮೂಲೆಯನ್ನು ಮಾತ್ರ ಮೊದಲೇ ಕತ್ತರಿಸಿ ತೆಗೆಯಿರಿ.

ಕನ್ನಡದಲ್ಲಿ ಅಚ್ಚು ಕತ್ತರಿಸುವಾಗ ಒಂದು ಪೇಚು ಇದೆ. ನಮ್ಮ ಅಕ್ಷರಗಳೆಲ್ಲ ಗುಂಡು ಗುಂಡು. ‘ರೆ’ ಕತ್ತರಿಸಿದರೆ ಒಳಗಿನ ಹೊಟ್ಟೆ ಕಳಚಿ ಬಿದ್ದುಹೋಗುತ್ತೆ. ಬಣ್ಣ ಹೊಡೆದರೆ ಅಕ್ಷರ ಬರಲ್ಲ, ಒಂದು ಬೊಟ್ಟು ಬರುತ್ತೆ. ನಮ್ಮ ಮೊದಲ ಅಚ್ಚಿನಲ್ಲಿ ‘ಕೆರೆ’ ಅನ್ನೋದು ಓದಲಾಗದ ಎರಡು ಮಚ್ಚೆ ಆಗಿತ್ತು. ಅದಕ್ಕೆ ಪ್ರತಿ ಹೊಟ್ಟೆಯನ್ನೂ ಹೊರಗಿನ ಫಿಲ್ಮಿಗೆ ಹಿಡಿದಿಡುವ ಒಂದೆರಡು ಸಣ್ಣ ಸೇತುವೆ ಬಿಡಬೇಕು, ನಾಲ್ಕೈದು ಮಿಲಿಮೀಟರ್ ಅಗಲ. ಪೆನ್ಸಿಲ್‌ನಲ್ಲಿ ಬರೆಯುವಾಗಲೇ ಸೇತುವೆ ಗುರುತು ಮಾಡಿ, ಆಮೇಲೆ ಬ್ಲೇಡ್ ಹಿಡಿಯಿರಿ. ಒಳಗಿನ ಸಣ್ಣ ಭಾಗ ಮೊದಲು, ಹೊರಗೆರೆ ಆಮೇಲೆ. ಅಕ್ಷರ ಮೂರು ಇಂಚಿಗಿಂತ ಸಣ್ಣ ಆಗಬಾರದು, ಒತ್ತಕ್ಷರಕ್ಕೆ ಜಾಗ ಜಾಸ್ತಿ ಬಿಡಿ.

ಬಣ್ಣ ನೀರಲ್ಲಿ ಕರಗುವ ಎಕ್ಸ್‌ಟೀರಿಯರ್ ಎಮಲ್ಷನ್ ಇರಲಿ. ಬ್ರಷ್ ಬೇಡ, ಸ್ಪಂಜು. ಬಣ್ಣಕ್ಕೆ ಅದ್ದಿ, ಹಳೇ ಪೇಪರ್ ಮೇಲೆ ಒತ್ತಿ, ಹೆಚ್ಚೂಕಮ್ಮಿ ಒಣಗಿದಂತಾದ ಮೇಲೆ ಅಚ್ಚಿನ ಮೇಲೆ ತಟ್ಟಿ. ಬಣ್ಣ ಜಾಸ್ತಿಯಾದರೆ ಫಿಲ್ಮಿನ ಅಡಿಗೆ ನುಗ್ಗಿ ಅಕ್ಷರ ಊದಿಕೊಳ್ಳುತ್ತೆ.

*ಬೀದಿ ಉದ್ದದ ರಂಗೋಲಿ.* ಇದಕ್ಕೆ ಚಿತ್ರಕಾರರು ಬೇಡ, ಊರಿನ ಹೆಂಗಸರಿಗಿಂತ ಚೆನ್ನಾಗಿ ಬಿಡಿಸುವವರು ಯಾರಿದ್ದಾರೆ? ಬೀದಿಯ ಮೇಲಿನ ತುದಿಯಿಂದ ಕೆರೆವರೆಗೆ ಒಂದೇ ಹೊಳೆ. ಪ್ರತಿ ಮನೆಯವರು ತಮ್ಮ ಬಾಗಿಲ ಮುಂದಿನ ತುಂಡು ಬಿಡಿಸಿ ಮುಂದಿನ ಮನೆಗೆ ಸೇರಿಸಬೇಕು. ಮೇಲೆ ಬೆಳ್ಳಗೆ ಶುರುವಾಗಿ ಕೆಳಗೆ ಹೋಗುತ್ತಾ ಇದ್ದಿಲ ಪುಡಿಯಿಂದ ಕಪ್ಪಾಗುತ್ತಾ ಹೋಗಲಿ ಅಂತ ನಮ್ಮ ಲೆಕ್ಕ.

ಕೆಳಗಿನ ತುದಿಯ ಮನೆಯ ಒಬ್ಬ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದರು: ‘ಕಪ್ಪೆಲ್ಲ ನಮ್ಮ ಬಾಗ್ಲಿಗೇ ಯಾಕಪ್ಪ? ಗಲೀಜು ಮಾಡಿದ್ದು ನಾವಾ?’ ಬಾಯಿ ಕಟ್ಟಿಹೋಯಿತು. ಮೇಲಿನವರು ಬಿಟ್ಟದ್ದೆಲ್ಲ ಅವರ ಮನೆ ಮುಂದೆ ನಿಲ್ಲುತ್ತೆ. ತಗ್ಗಿನಲ್ಲಿ, ಮೋರಿ ಕೊನೆಯಲ್ಲಿ ಯಾರ ಮನೆಗಳಿವೆ ಅಂತ ಯಾವ ಊರಲ್ಲಿ ನೋಡಿದರೂ ಗೊತ್ತಾಗುತ್ತೆ, ಅಲ್ವಾ? ಆಮೇಲೆ ನಿಯಮ ಬದಲಾಯಿಸಿದೆವು. ಪ್ರತಿ ಮನೆಯವರೂ ತಾವು ಮೋರಿಗೆ ಬಿಡುವುದಕ್ಕೆ ತಕ್ಕಂತೆ ಇದ್ದಿಲು ಹಾಕಬೇಕು: ಬಚ್ಚಲ ನೀರಿಗೆ ಒಂದು ಚಿಟಿಕೆ, ಕೊಟ್ಟಿಗೆ ತೊಳೆದ ನೀರಿಗೆ ಎರಡು, ಉಕ್ಕುವ ಶೌಚದ ಗುಂಡಿಗೆ ಒಂದು ಹಿಡಿ. ಹಾಕಿದ ಇದ್ದಿಲನ್ನು ಒಬ್ಬರು ಪೊರಕೆಯಲ್ಲಿ ಮುಂದಿನ ಮನೆಗೆ ತಳ್ಳುತ್ತಾ ಹೋದರು. ಕೊನೆಯ ಮನೆ ಮುಂದೆ ಒಂದು ಗುಡ್ಡೆ ಆಯಿತು. ಆ ಅಕ್ಕ ಹಾಕಿದ್ದು ಒಂದೇ ಚಿಟಿಕೆ. ಬೀದಿಯವರೆಲ್ಲ ಅದನ್ನು ನೋಡಿದರು.

ಅಂಗಡಿಯ ಬಣ್ಣದ ರಂಗೋಲಿ ಪುಡಿ ಬೇಡ, ಒಂದು ಮಳೆ ಬಂದರೆ ಅದೂ ಮೋರಿಗೆ. ಅಕ್ಕಿ ಹಿಟ್ಟು, ಅರಿಶಿನ, ಕೆಮ್ಮಣ್ಣು, ಇದ್ದಿಲ ಪುಡಿ ಸಾಕು. ಕೊನೆಯಲ್ಲಿ ಇದ್ದಿಲ ಗುಡ್ಡೆಯನ್ನು ಬಾಚಿ ತಿಪ್ಪೆಗೆ ಹಾಕಿ.

*ಮೂರು ಬೀಜ, ಮೂರು ಸಾವಿರ ಬೀಜ.* ಪಲ್ಪರ್ ವಿಷಯಕ್ಕೆ ಬಿಒಡಿ ಅಂತ ಭಾಷಣ ಮಾಡಿದರೆ ಯಾರಿಗೂ ತಲೆಗೆ ಹೋಗಲ್ಲ. ಒಂದು ಬಿಳಿ ತಟ್ಟೆಯಲ್ಲಿ ಮೂರು ಕಾಫಿ ಬೀಜ ಇಡಿ: ಸ್ನಾನದ ನೀರಿಗೆ ಇರುವ ಮಿತಿ. ಪಕ್ಕದಲ್ಲಿ ಬಟ್ಟೆ ಹಾಸಿ ಮೂರು ಸಾವಿರ ಬೀಜ ಸುರಿಯಿರಿ, ಹೆಚ್ಚೂಕಮ್ಮಿ ಅರ್ಧ ಕೆಜಿ ಆಗುತ್ತೆ. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಹಿಂದಿನ ಗೋಡೆಗೆ ಮಕ್ಕಳು ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್‌ನಲ್ಲಿ ಬರೆದ ಹಳ್ಳದ ಚಿತ್ರಗಳನ್ನು ಹಾಕಿ. ಡಿಕಾಕ್ಷನ್‌ ಒಂದು ಪದರ ಬಳಿದರೆ ತಿಳಿ ಕಂದು, ಒಣಗಿದ ಮೇಲೆ ಮತ್ತೆ ಬಳಿದರೆ ಗಾಢ. ದಪ್ಪ ಡ್ರಾಯಿಂಗ್ ಹಾಳೆ ಬೇಕು, ತೆಳು ಹಾಳೆ ಸುರುಟಿಕೊಳ್ಳುತ್ತೆ.

*ಎರಡು ಗಾಜಿನ ಭರಣಿ.* ಗಣಪತಿಗೆ ಇದು. ಒಂದರಲ್ಲಿ ಸುಡದ ಜೇಡಿಮಣ್ಣಿನ ಉಂಡೆ, ಇನ್ನೊಂದರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಡು. ನೀರು ತುಂಬಿ ಬೆಳಿಗ್ಗೆ ಇಟ್ಟರೆ ಸಂಜೆಗೆ ಮಣ್ಣು ಕರಗಿ ಕೆಳಗೆ ಕೂತಿರುತ್ತೆ. ಪ್ಲಾಸ್ಟರ್ ಹಾಗೇ. ವಾರ ಆದ ಮೇಲೂ ಹಾಗೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಪ್ಲಾಸ್ಟರ್ ಮೂರ್ತಿ ಬೇಡ ಅಂತಲೇ ಇದೆ. ಪಕ್ಕದಲ್ಲೇ ಮಣ್ಣು ಇಟ್ಟು ಮಕ್ಕಳ ಕೈಲಿ ಗಣಪತಿ ಮಾಡಿಸಿ. ಸೊಂಡಿಲು ಮುರಿಯುತ್ತೆ ಅಂತ ಅಳುವವರಿಗೆ ಒಂದು ಉಪಾಯ: ಸೊಂಡಿಲನ್ನು ಹೊಟ್ಟೆಗೆ ಅಂಟಿಸಿಬಿಡಿ.

*ಬೀದಿ ನಾಟಕ.* ಹದಿನೈದು ನಿಮಿಷ ದಾಟಬಾರದು. ಮೈಕ್ ಬೇಡ, ಒಂದು ತಮಟೆ ಸಾಕು. ವೀರಗಾಸೆ, ಚಿಟ್ಟಿಮೇಳದವರು ಯಾರಾದರೂ ಊರಲ್ಲಿದ್ದರೆ ಶುರುವಿಗೆ ಕರೆಯಿರಿ, ಅವರಿಗೆ ಸಂಭಾವನೆ ಕೊಡಿ. ‘ಸೇವೆ ಅಲ್ವಾ’ ಅಂತ ಬಿಟ್ಟಿ ಕುಣಿಸಬೇಡಿ. ಮಾತು ಊರ ಮಾತೇ ಇರಲಿ. ನಮ್ಮದರಲ್ಲಿ ನೀರಗಂಟಿ ಮತ್ತು ಒಬ್ಬ ಯಜಮಾನ ಹೀಗೆ ಮಾತಾಡುತ್ತಿದ್ದರು:

‘ಏನ್ ಯಜಮಾನ್ರೇ, ಮೋರಿ ನೀರು ಎತ್ಲಾಗ್ ಹೋಯ್ತದೆ?’
‘ನಂಗೇನ್ಲಾ ಗೊತ್ತು? ಮನೆಯಿಂದ ಆಚೆ ಹೋಯ್ತು, ಮುಗೀತು.’
‘ಮುಗೀಲಿಲ್ಲ ಸಾಮಿ. ಸಂಜೆಗೆ ನಿಮ್ಮನೆ ನಲ್ಲೀಲಿ ಬತ್ತದೆ, ಬಿಂದಿಗೆ ಹಿಡ್ಕಳಿ!’

ಇಲ್ಲಿ ನಗು ಬೀಳುತ್ತಿತ್ತು. ನಗು ಬಂದ ಕಡೆ ನಿಲ್ಲಿಸಿ, ಅದನ್ನು ಬಿಡಿಸಿ ಹೇಳಬೇಡಿ. ಒಂದು ತಪ್ಪು ಮಾಡಿದ್ದೆವು, ಹೇಳಿಬಿಡುತ್ತೇನೆ. ಒಂದು ಪಾತ್ರ ಊರಿನ ಒಬ್ಬರ ಹಾಗೆಯೇ ನಡೆಯುತ್ತಿತ್ತು, ಕೆಮ್ಮುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಆ ಮನುಷ್ಯ ಎರಡು ವರ್ಷ ನಮ್ಮ ಯಾವ ಸಭೆಗೂ ಬರಲಿಲ್ಲ, ಅವರ ಮೋರಿಯೂ ಹಾಗೇ ಉಳಿಯಿತು. ಕೊಳಕಿನ ಮೇಲೆ ನಗಿಸಿ, ಮನುಷ್ಯರ ಮೇಲೆ ಬೇಡ.

ಅಧಿಕಾರಿಗಳ ಗಮನ ಸೆಳೆಯಬೇಕು ಅಂದರೆ ಒಂದೇ ಒಂದು ದೊಡ್ಡ ಬೊಂಬೆ ಸಾಕಾಗಬಹುದು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ರಸ್ತೆ ಗುಂಡಿಯ ನೀರಿನಲ್ಲಿ ಮೊಸಳೆ ಬೊಂಬೆ ಇಟ್ಟಿದ್ದು ನೆನಪಿರಬಹುದು. ಊರೆಲ್ಲ ನೋಡಿತು, ಗುಂಡಿ ಬೇಗನೇ ರಿಪೇರಿ ಆಯಿತು. ಅಂಥದ್ದು ಒಂದು ಸಲ ಚೆಂದ. ಎರಡನೇ ಸಲ ಜನ ಸೆಲ್ಫಿ ತೆಗೆದು ಹೋಗುತ್ತಾರೆ.

ಹೆಜ್ಜೆ 6: ನಿಮ್ಮ ಬಣ್ಣವೇ ಮೋರಿಗೆ ಹೋಗದಂತೆ ನೋಡಿಕೊಳ್ಳಿ

ಗೋಡೆಗೆ ಸುಣ್ಣ, ಕೆಮ್ಮಣ್ಣು ಆದರೆ ಅರ್ಧ ಚಿಂತೆ ಕಳೆಯಿತು. ಸುಣ್ಣ ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ. ಪೇಂಟ್ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ನೋಡಿ. 2017ರ ನವೆಂಬರ್‌ನಿಂದ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಭಾಗ) ಜಾಸ್ತಿ ಸೀಸ ಇರುವ ಮನೆ ಪೇಂಟ್ ಮಾರುವಂತಿಲ್ಲ. ಡಬ್ಬಿ ಮೇಲೆ ಏನೂ ಬರೆಯದ ಅಗ್ಗದ ಬಣ್ಣ ಬೇಡ.

ಬ್ರಷ್, ಸ್ಪಂಜಿನ ಬಣ್ಣವನ್ನು ಮೊದಲು ಪೇಪರ್‌ಗೆ ಒರೆಸಿ ತೆಗೆಯಿರಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಮೊದಲ ತೊಳೆತ, ಇನ್ನೊಂದರಲ್ಲಿ ಎರಡನೆಯದು. ಆ ನೀರನ್ನು ಎಲ್ಲೂ ಸುರಿಯಬೇಡಿ. ಅಗಲ ತಟ್ಟೆಗೆ ಹಾಕಿ ಬಿಸಿಲಲ್ಲಿ ಇಟ್ಟರೆ ನೀರು ಆರಿ ಬಣ್ಣದ ಹೆಪ್ಪು ಉಳಿಯುತ್ತೆ, ಅದನ್ನು ಕೆರೆದು ಒಣ ಕಸಕ್ಕೆ. ಇದನ್ನು ಮೂಲೆಯಲ್ಲಿ ಮಾಡಬೇಡಿ, ಎಲ್ಲರ ಎದುರಿಗೇ ಮಾಡಿ. ‘ಏನ್ ಸರ್, ನೀರು ಒಣಗಿಸ್ತಾ ಇದೀರಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಹೆಜ್ಜೆ 7: ಮಾರನೇ ದಿನದ ಕೆಲಸ

ಇಲ್ಲೇ ಬಹಳ ಜನ ಕೈಬಿಡುವುದು. ನೋಡಿ ಬೇಜಾರಾದವರು ‘ಈಗ ಏನ್ ಮಾಡ್ಬೇಕು?’ ಅಂತ ಕೇಳಿದಾಗ ನಿಮ್ಮ ಹತ್ತಿರ ಒಂದು ಉತ್ತರ ಇರಬೇಕು. ಬಚ್ಚಲ ನೀರಾದರೆ ಇಂಗುವ ಬಚ್ಚಲು ಗುಂಡಿ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಿಕೊಂಡ ಮನೆಗಳು ನಮ್ಮಲ್ಲಿವೆ, ಈಗ ಯಾವ ಲೆಕ್ಕದಲ್ಲಿ ಸಿಗುತ್ತೆ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ, ಅರ್ಜಿ ನಮೂನೆ ತಂದು ಪ್ರದರ್ಶನದ ಮೇಜಿನ ಮೇಲೇ ಇಡಿ. ಬಾವಿ ಹತ್ತಿರ ಗುಂಡಿ ತೋಡಬಾರದು ಅಂತಲೂ ಹೇಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿಗೆ ಸೀಸೆಯ ಹಲಗೆ ಹೊತ್ತುಕೊಂಡು ಹೋಗಿ, ಒಂದೇ ಒಂದು ಬೇಡಿಕೆ ಇಡಿ, ನಡಾವಳಿಯಲ್ಲಿ ಬರೆಸಿ.

ಕೆಲಸ ಮಾಡಿತೋ ಇಲ್ಲವೋ ಅಂತ ನೋಡುವುದು ಸುಲಭ. ತಿಂಗಳ ನಂತರ ಹತ್ತು ಜನರನ್ನು ಕೇಳಿ: ‘ನಿಮ್ಮನೆ ಮೋರಿ ನೀರು ಎಲ್ಲಿಗೆ ಹೋಗುತ್ತೆ?’ ಶುರುವಿಗೆ ಮೊದಲೂ ಇದನ್ನೇ ಕೇಳಿ ಬರೆದಿಟ್ಟುಕೊಂಡಿರಬೇಕು. ಸೆಕ್ಕಿ ತಟ್ಟೆಯನ್ನು ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ ಮುಂದಿನ ವರ್ಷ ಇಳಿಬಿಡಿ. ಬೇರೆ ತಿಂಗಳಲ್ಲಿ ಅಳೆದರೆ ಮಳೆ ಹೂಳಿನ ಲೆಕ್ಕ ಬೇರೆ ಆಗುತ್ತೆ.

ಬಸ್ ನಿಲ್ಲುವ ಜಾಗದ ಹಿಂದಿನ ಆ ಗೋಡೆ ಈಗಲೂ ಇದೆ. ಅಳುವ ಭೂಮಿಯ ಮೇಲೆ ಸುಣ್ಣ ಬಳಿದು, ಕೆಮ್ಮಣ್ಣಲ್ಲಿ ಊರ ಮೋರಿಗಳ ನಕ್ಷೆ ಬರೆದೆವು: ಮನೆಗಳು, ಅರಳಿಕಟ್ಟೆ, ರೈಸ್ ಮಿಲ್ಲು, ಕೆರೆ, ಕೋಡಿ, ಬಾಣದ ಗುರುತು. ಮೂರನೇ ದಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜ ಕೋಲಿನಿಂದ ಗೋಡೆ ಕುಟ್ಟಿ, ‘ಮಿಲ್ ಮೋರಿ ಹಿಂಗೋಗಲ್ಲ ಕಣಪ್ಪ, ಅರಳಿಕಟ್ಟೆ ಹಿಂದೆ ಬಳಸ್ಕಂಡ್ ಹೋಯ್ತದೆ’ ಅಂದರು. ಇನ್ನೊಬ್ಬರು ಇಲ್ಲ ಅಂದರು. ಬಸ್ ಬಂತು, ಇಬ್ಬರೂ ಹತ್ತಲಿಲ್ಲ, ನೋಡಿಬರಲು ಹೋದರು. ಅಜ್ಜ ಹೇಳಿದ್ದೇ ಸರಿ ಇತ್ತು. ಒಂದು ಹಿಡಿ ಸುಣ್ಣ ಕಲಸಿ ಹಳೇ ಗೆರೆ ಅಳಿಸಿ ಹೊಸದು ಬರೆದೆವು. ಇಲ್ಲಿಯವರೆಗೆ ಹೀಗೆ ನಾಲ್ಕು ಸಲ ತಿದ್ದಿದ್ದೇವೆ.